ಎಕ್ಟೋದಲ್ಲಿ ದಿನಾಂಕ ಮತ್ತು ಸಮಯ: ಐದೂವರೆ ಗಂಟೆಯ ತಪ್ಪು ಆಗದಂತೆ ನೋಡಿಕೊಳ್ಳುವ ಬಗೆ

ಹಾಲು ಉತ್ಪಾದಕರ ಸಹಕಾರ ಸಂಘವೊಂದಕ್ಕೆ ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದೆ. ಕೆಲವು ದಿನಗಳಾದ ಮೇಲೆ ಅಲ್ಲಿನ ಕಾರ್ಯದರ್ಶಿಯವರು ಫೋನ್ ಮಾಡಿ, ಒಬ್ಬ ಸದಸ್ಯರ ಹೆಸರಿನಲ್ಲಿ 11ನೆಯ ತಾರೀಖು ಎರಡು ಸಲ ಬೆಳಗಿನ ಹಾಲು ಕಾಣುತ್ತಿದೆ, 12ರ ಬೆಳಗ್ಗೆ ಮಾತ್ರ ಏನೂ ಇಲ್ಲ ಎಂದರು. ಆ ಸದಸ್ಯರು 11ರಂದು ಬೆಳಗ್ಗೆ 5:40ಕ್ಕೂ 12ರಂದು 5:10ಕ್ಕೂ ಹಾಲು ಹಾಕಿದ್ದರು. ಡೇಟಾಬೇಸ್ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಆಧಾರ ಸಮಯದಲ್ಲಿ, ಇಟ್ಟಿತ್ತು; ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಮೊದಲನೆಯದು 11ರ 00:10 ಎಂದೂ ಎರಡನೆಯದು ಅದೇ 11ರ 23:40 ಎಂದೂ ದಾಖಲಾಗಿದ್ದವು. ದಿನವಾರು ಪಟ್ಟಿ ತೆಗೆಯುವಾಗ ನಾನು ಆ ಯುಟಿಸಿ ಸಮಯದ ತಾರೀಖನ್ನೇ ನೇರವಾಗಿ ಬಳಸಿದ್ದೆ. ಐದೂವರೆಯ ನಂತರ ಬಂದವರ ಲೆಕ್ಕವೆಲ್ಲ ಸರಿಯಾಗಿದ್ದು, ನಸುಕಿನಲ್ಲೇ ಕ್ಯಾನು ಹೊತ್ತು ತರುವ ನಾಲ್ಕೈದು ಮಂದಿಯ ಲೆಕ್ಕ ಮಾತ್ರ ಹಿಂದಿನ ದಿನಕ್ಕೆ ಜಾರುತ್ತಿದ್ದುದರಿಂದ, ಪರೀಕ್ಷೆಯ ದಿನಗಳಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇದೇ ತಪ್ಪು ಏಪ್ರಿಲ್ 1ರ ನಸುಕಿನಲ್ಲಿ ಆಗಿದ್ದರೆ ಆ ಹಾಲು ಹಿಂದಿನ ಹಣಕಾಸು ವರ್ಷದ ಲೆಕ್ಕಕ್ಕೇ ಸೇರಿಬಿಡುತ್ತಿತ್ತು.

ಆ ತಂತ್ರಾಂಶ ಎಲಿಕ್ಸಿರ್ ಭಾಷೆಯದು, ಡೇಟಾಬೇಸ್ ಲೈಬ್ರರಿ ಎಕ್ಟೋ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಫಂಕ್ಷನಲ್ ಭಾಷೆಗಳಲ್ಲಿ ಮೌಲ್ಯಗಳು ಬದಲಾಗುವುದಿಲ್ಲ, ಪ್ರಕಾರಗಳು ಸ್ಪಷ್ಟವಾಗಿರುತ್ತವೆ, ಹಾಗಾಗಿ ಇಂಥ ತಪ್ಪು ತಾನಾಗಿಯೇ ತಪ್ಪುತ್ತದೆ ಎಂಬ ನಂಬಿಕೆ ನನಗಿತ್ತು. ತಪ್ಪು ಪ್ರಕಾರವನ್ನು ಆರಿಸಿಕೊಂಡ ಮೇಲೆ ಅದನ್ನು ಎಷ್ಟು ಸ್ಪಷ್ಟವಾಗಿ ಬರೆದರೂ ಫಲವಿಲ್ಲ ಎಂಬುದು ಆಮೇಲೆ ತಿಳಿಯಿತು. ಈ ಲೇಖನದಲ್ಲಿ ಪ್ರಕಾರಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕೋಡ್‌ನಲ್ಲಿ ಎಕ್ಟೋದ ಪ್ರಕಾರಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ, ಹೆಸರಿನ ಆರಂಭದಲ್ಲಿ ಕೋಲನ್ ಚಿಹ್ನೆ ಇಟ್ಟು ಬರೆಯಬೇಕು.

ಹೆಜ್ಜೆ 1: ಇದು ಯಾವ ಬಗೆಯ ಸಮಯ ಎಂದು ಮೊದಲು ಕೇಳಿಕೊಳ್ಳಿ

ಕೀಲಿಮಣೆ ಮುಟ್ಟುವ ಮುನ್ನ ಪ್ರತಿಯೊಂದು ಕಾಲಂಗೂ ಈ ಪ್ರಶ್ನೆ ಹಾಕಬೇಕು. ಒಂದು ಘಟನೆ ನಡೆದ ಕ್ಷಣ ಬೇರೆ, ಗೋಡೆ ಗಡಿಯಾರ ತೋರಿಸುವ ಸಮಯ ಬೇರೆ, ಕ್ಯಾಲೆಂಡರಿನ ತಾರೀಖು ಬೇರೆ. ಹಣ ಜಮೆಯಾದದ್ದು, ಸದಸ್ಯರು ಲಾಗಿನ್ ಆದದ್ದು, ತೂಕದ ಯಂತ್ರ ಅಂಕಿ ಕಳಿಸಿದ್ದು ಇವೆಲ್ಲ ಕ್ಷಣಗಳು. ಲೋಕದಲ್ಲಿ ಎಲ್ಲಿ ನಿಂತು ನೋಡಿದರೂ ಆ ಕ್ಷಣ ಒಂದೇ. ‘ಡೇರಿ ಬೆಳಗ್ಗೆ ಐದು ಗಂಟೆಗೆ ತೆರೆಯುತ್ತದೆ’ ಎನ್ನುವುದು ಗೋಡೆ ಗಡಿಯಾರದ ಸಮಯ. ಹುಟ್ಟಿದ ದಿನ, ಸಾಲದ ಕಂತಿನ ಗಡುವು, ಹಣಕಾಸು ವರ್ಷದ ಮೊದಲ ದಿನ ಇವು ಬರಿಯ ತಾರೀಖುಗಳು. ಇವಕ್ಕೆ ಗಂಟೆ ನಿಮಿಷ ಅಂಟಿಸುವುದೇ ತಪ್ಪಿನ ಮೊದಲ ಹೆಜ್ಜೆ.

ನನ್ನ ತಂತ್ರಾಂಶದ ನಿಜವಾದ ದೋಷ ಇಲ್ಲೇ ಇತ್ತು. ‘12ರ ಬೆಳಗಿನ ಹಾಲು’ ಎಂಬುದು ಸಂಘದವರ ಮಟ್ಟಿಗೆ ಕ್ಷಣದಿಂದ ಲೆಕ್ಕ ಹಾಕಿ ಪಡೆಯುವ ಸಂಗತಿಯಲ್ಲ. ಅದು ತಾರೀಖು ಮತ್ತು ಹೊತ್ತು ಎರಡೂ ಸೇರಿದ, ಪುಸ್ತಕದಲ್ಲಿ ಕೈಯಾರೆ ಬರೆಯುವ ಒಂದು ಗುರುತು. ಆದ್ದರಿಂದ ಈಗ ಆ ಟೇಬಲ್‌ನಲ್ಲಿ ಡೇಟ್ ಪ್ರಕಾರದ ಒಂದು ಕಾಲಂ, ಬೆಳಗ್ಗೆಯೋ ಸಂಜೆಯೋ ಎಂದು ಹೇಳುವ ಇನ್ನೊಂದು ಕಾಲಂ, ಇವೆರಡಕ್ಕೂ ಹೊರತಾಗಿ ಅಂಕಿ ಬಂದ ಕ್ಷಣವನ್ನು ಇಡುವ ಮೂರನೆಯ ಕಾಲಂ ಇದೆ. ಸದಸ್ಯ, ತಾರೀಖು, ಹೊತ್ತು ಈ ಮೂರರ ಮೇಲೆ, ಅದೇ ಜೋಡಣೆ ಎರಡನೆಯ ಸಲ ಬರಲು ಬಿಡದ ಯುನೀಕ್ ಇಂಡೆಕ್ಸ್ ಹಾಕಿದ್ದೇನೆ. ಮೊದಲೇ ಹಾಕಿದ್ದರೆ ಕಾರ್ಯದರ್ಶಿಯವರು ಫೋನ್ ಮಾಡುವವರೆಗೆ ಕಾಯಬೇಕಾಗಿರಲಿಲ್ಲ. ಮೊದಲ ದಿನವೇ ಡೇಟಾಬೇಸ್ ಮುಷ್ಕರ ಹೂಡುತ್ತಿತ್ತು.

ಹೆಜ್ಜೆ 2: ಪೋಸ್ಟ್‌ಗ್ರೆಸ್ ಕಾಲಂ ಆರಿಸುವುದು

ಪೋಸ್ಟ್‌ಗ್ರೆಸ್‌ನಲ್ಲಿ ಕ್ಷಣಕ್ಕೆಂದು ಎರಡು ಪ್ರಕಾರಗಳಿವೆ: ‘ಟೈಮ್‌ಸ್ಟಾಂಪ್’ ಮತ್ತು ‘ಟೈಮ್‌ಸ್ಟಾಂಪ್ ವಿತ್ ಟೈಮ್ ಝೋನ್’. ಎರಡನೆಯದನ್ನು ಎಲ್ಲರೂ ಟೈಮ್‌ಸ್ಟಾಂಪ್‌ಟಿಝಡ್ ಎಂದೇ ಕರೆಯುತ್ತಾರೆ. ಹೆಸರು ಕೇಳಿದವರು ಎರಡನೆಯದು ಕಾಲವಲಯವನ್ನೂ ಉಳಿಸಿಕೊಳ್ಳುತ್ತದೆ ಎಂದುಕೊಳ್ಳುವುದು ಸಹಜ, ಆದರೆ ಅದು ಉಳಿಸಿಕೊಳ್ಳುವುದಿಲ್ಲ. ಎರಡೂ ಎಂಟು ಬೈಟ್‌ಗಳೇ, ಎರಡರಲ್ಲೂ ಮೈಕ್ರೋಸೆಕೆಂಡ್‌ವರೆಗಿನ ನಿಖರತೆಯೇ. ಎರಡನೆಯದು ತನಗೆ ಬಂದ ಸಮಯವನ್ನು ಯುಟಿಸಿಗೆ ಪರಿವರ್ತಿಸಿ ಇಡುತ್ತದೆ, ತೋರಿಸುವಾಗ ಆ ಸೆಷನ್‌ನ (ಡೇಟಾಬೇಸ್‌ನೊಂದಿಗೆ ಆಗ ಇರುವ ಸಂಪರ್ಕದ) ಕಾಲವಲಯಕ್ಕೆ ತಿರುಗಿಸುತ್ತದೆ. ಮೊದಲನೆಯದು ಬರೆದದ್ದನ್ನು ಬರೆದಂತೆಯೇ ಇಟ್ಟುಕೊಳ್ಳುತ್ತದೆ, ಪಕ್ಕದಲ್ಲಿ ವಲಯದ ಅಂತರ ಬರೆದಿದ್ದರೆ ಅದನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ‘2025-04-12 05:10+05:30’ ಎಂಬುದನ್ನು ಮೊದಲನೆಯದಕ್ಕೆ ಕೊಟ್ಟರೆ 12ರ 05:10 ಎಂದು ಕೂರುತ್ತದೆ, ಎರಡನೆಯದಕ್ಕೆ ಕೊಟ್ಟರೆ 11ರ 23:40 ಯುಟಿಸಿ ಎಂದು ಕೂರುತ್ತದೆ. ಒಂದೇ ಸಾಲು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಸಮಯ, ಸರ್ವರಿನಲ್ಲಿ ಇನ್ನೊಂದು ಸಮಯ ತೋರಿಸಿದರೆ ಗಾಬರಿಯಾಗಬೇಡಿ. ಸೆಷನ್‌ನ ಕಾಲವಲಯ ಬೇರೆ ಇದೆ, ಅಷ್ಟೆ.

ಎಕ್ಟೋ ಬಳಸುವವರು ಜಾರಿ ಬೀಳುವ ಮೊದಲ ಜಾಗ ಇದರ ಪಕ್ಕದಲ್ಲೇ ಇದೆ. ಟೇಬಲ್‌ಗಳನ್ನು ಕಟ್ಟುವ, ಬದಲಿಸುವ ಕೋಡ್ ಆದ ಮೈಗ್ರೇಶನ್‌ನಲ್ಲಿ ‘ಯುಟಿಸಿ ಡೇಟ್‌ಟೈಮ್’ ಎಂದು ಬರೆದರೆ ಪೋಸ್ಟ್‌ಗ್ರೆಸ್‌ನಲ್ಲಿ ಸೃಷ್ಟಿಯಾಗುವುದು ವಲಯವಿಲ್ಲದ ಟೈಮ್‌ಸ್ಟಾಂಪ್ ಕಾಲಂ. ಎಲಿಕ್ಸಿರ್ ಕಡೆಯಲ್ಲಿ ಎಕ್ಟೋ ಅದನ್ನು ಯುಟಿಸಿ ಎಂದೇ ನಡೆಸಿಕೊಂಡು ಹೋಗುತ್ತದೆ, ಆದ್ದರಿಂದ ಎಕ್ಟೋದ ಮೂಲಕವೇ ಓದಿ ಬರೆಯುವವರೆಗೆ ತೊಂದರೆಯಿಲ್ಲ. ಆದರೆ ನಾಳೆ ಬೇರೊಬ್ಬರು ನೇರವಾಗಿ ಎಸ್‌ಕ್ಯೂಎಲ್‌ನಲ್ಲಿ ವರದಿ ತೆಗೆಯಲು ಕುಳಿತರೆ ಆ ಕಾಲಂ ಯುಟಿಸಿಯದು ಎಂದು ಹೇಳುವ ಗುರುತು ಡೇಟಾಬೇಸ್‌ನಲ್ಲಿ ಎಲ್ಲಿಯೂ ಇರುವುದಿಲ್ಲ. ಹೀಗಾಗಿ ಕ್ಷಣಗಳಿಗೆ ಮೈಗ್ರೇಶನ್‌ನಲ್ಲಿ ಟೈಮ್‌ಸ್ಟಾಂಪ್‌ಟಿಝಡ್ ಎಂದೇ ಬಿಡಿಸಿ ಬರೆಯುವುದು ನನ್ನ ಪದ್ಧತಿ. ದಾಖಲೆ ಸೇರಿಸಿದ ಮತ್ತು ತಿದ್ದಿದ ಸಮಯಗಳನ್ನು ತಾನಾಗಿ ಹಾಕಿಕೊಡುವ ‘ಟೈಮ್‌ಸ್ಟಾಂಪ್ಸ್’ ಮ್ಯಾಕ್ರೋದ ಮೂಲ ಪ್ರಕಾರ ನಯೀವ್ ಡೇಟ್‌ಟೈಮ್ (ವಲಯವಿಲ್ಲದ ದಿನಾಂಕ–ಸಮಯ) ಆಗಿರುವುದರಿಂದ, ಅದನ್ನು ಸಹ ರೆಪೋ ಕಾನ್ಫಿಗ್‌ನ ‘ಮೈಗ್ರೇಶನ್ ಟೈಮ್‌ಸ್ಟಾಂಪ್ಸ್’ ಆಯ್ಕೆಯಲ್ಲಿ ಒಮ್ಮೆ ಬದಲಿಸಿ ಇಡಬೇಕು. ಟೇಬಲ್‌ನ ಕಾಲಂಗಳನ್ನು ಎಲಿಕ್ಸಿರ್‌ಗೆ ವಿವರಿಸುವ ಸ್ಕೀಮಾ ಕಡೆಯಲ್ಲಿ ‘ಟೈಮ್‌ಸ್ಟಾಂಪ್ಸ್ ಆಪ್ಟ್ಸ್’ ಎಂಬ ಆಟ್ರಿಬ್ಯೂಟ್‌ಗೂ ಅದಕ್ಕೆ ಹೊಂದುವ ಪ್ರಕಾರ ಕೊಡಬೇಕು. ಒಂದು ಕಡೆ ಮಾತ್ರ ಬದಲಿಸಿ ಇನ್ನೊಂದು ಕಡೆ ಮರೆತರೆ, ಟೈಮ್‌ಸ್ಟಾಂಪ್‌ಟಿಝಡ್ ಕಾಲಂಗೆ ನಯೀವ್ ಮೌಲ್ಯ ಬಂತೆಂದು ಪೋಸ್ಟ್‌ಗ್ರೆಕ್ಸ್ ಡ್ರೈವರ್ ಎನ್‌ಕೋಡ್ ದೋಷ ಎತ್ತುತ್ತದೆ. ಅದು ಬೈಯುವುದೇ ಒಳ್ಳೆಯದು.

ದಿನದೊಳಗಿನ ಹೊತ್ತಿಗೆ ಟೈಮ್, ತಾರೀಖಿಗೆ ಡೇಟ್, ಇವುಗಳಲ್ಲಿ ಗೊಂದಲವಿಲ್ಲ. ‘ಟೈಮ್ ವಿತ್ ಟೈಮ್ ಝೋನ್’ ಎಂಬುದೊಂದಿದೆ, ಅದನ್ನು ಬಳಸಬೇಡಿರೆಂದು ಪೋಸ್ಟ್‌ಗ್ರೆಸ್ ಕೈಪಿಡಿಯೇ ಹೇಳುತ್ತದೆ.

ಹೆಜ್ಜೆ 3: ಸ್ಕೀಮಾದಲ್ಲಿ ಸೆಕೆಂಡೋ ಮೈಕ್ರೋಸೆಕೆಂಡೋ ನಿರ್ಧರಿಸುವುದು

ಎಕ್ಟೋ 3ರಿಂದ ಈಚೆಗೆ ಸಮಯದ ಪ್ರತಿಯೊಂದು ಪ್ರಕಾರಕ್ಕೂ ಜೋಡಿ ಇದೆ: ಯುಟಿಸಿ ಡೇಟ್‌ಟೈಮ್ ಮತ್ತು ಯುಟಿಸಿ ಡೇಟ್‌ಟೈಮ್ ಯುಸೆಕ್, ನಯೀವ್ ಡೇಟ್‌ಟೈಮ್ ಮತ್ತು ಅದರ ಯುಸೆಕ್, ಹಾಗೆಯೇ ಟೈಮ್ ಮತ್ತು ಟೈಮ್ ಯುಸೆಕ್. ಯುಸೆಕ್ ಎಂದರೆ ಮೈಕ್ರೋಸೆಕೆಂಡ್. ಯುಸೆಕ್ ಇಲ್ಲದ್ದು ಸೆಕೆಂಡಿಗಿಂತ ಸಣ್ಣದನ್ನು ಒಪ್ಪುವುದಿಲ್ಲ. ಯುಸೆಕ್ ಇರುವುದು ದಶಾಂಶದ ನಂತರ ಆರು ಅಂಕಿಗಳಿಗಿಂತ ಕಡಿಮೆಯಿದ್ದರೆ ಒಪ್ಪುವುದಿಲ್ಲ. ಎಲಿಕ್ಸಿರ್‌ನ ‘ಯುಟಿಸಿ ನೌ’ ಫಂಕ್ಷನ್ ಕೊಡುವ ಮೌಲ್ಯದಲ್ಲಿ ಮೈಕ್ರೋಸೆಕೆಂಡ್ ಇರುತ್ತದೆ. ಅದನ್ನು ಹಾಗೆಯೇ ಯುಟಿಸಿ ಡೇಟ್‌ಟೈಮ್ ಕ್ಷೇತ್ರಕ್ಕೆ ಹಾಕಿ ಇನ್ಸರ್ಟ್ ಮಾಡಿದರೆ, ಮೈಕ್ರೋಸೆಕೆಂಡ್ ಖಾಲಿ ಇರಬೇಕಿತ್ತು ಎಂಬ ಆರ್ಗ್ಯುಮೆಂಟ್ ಎರರ್ ಬರುತ್ತದೆ. ‘ಟ್ರಂಕೇಟ್’ ಫಂಕ್ಷನ್‌ನಿಂದ ಸೆಕೆಂಡಿಗೆ ಕತ್ತರಿಸಿ ಕೊಟ್ಟರೆ ಹೋಗುತ್ತದೆ.

ಹೊಸಬರಿಗೆ ಇದರಲ್ಲಿ ತಲೆ ಕೆಡಿಸುವ ಅಂಶವೆಂದರೆ ಅದೇ ಮೌಲ್ಯ ಒಮ್ಮೆ ಒಪ್ಪಿತವಾಗಿ ಇನ್ನೊಮ್ಮೆ ತಿರಸ್ಕೃತವಾಗುವುದು. ದಾಖಲೆಗೆ ಆಗಬೇಕಾದ ಬದಲಾವಣೆಗಳನ್ನು ಪರೀಕ್ಷಿಸಿ ಒಟ್ಟುಗೂಡಿಸುವ ಚೇಂಜ್‌ಸೆಟ್‌ನ ‘ಕಾಸ್ಟ್’ ಹೊರಗಿನ ಮಾಹಿತಿಗೆಂದು ಇರುವ ಬಾಗಿಲು. ಅದು ಹೆಚ್ಚಿದ್ದರೆ ಕತ್ತರಿಸುತ್ತದೆ, ಕಡಿಮೆಯಿದ್ದರೆ ಸೊನ್ನೆ ತುಂಬುತ್ತದೆ, ಬೇರೆ ವಲಯದ ಸಮಯವಾಗಿದ್ದರೆ ಯುಟಿಸಿಗೆ ತಿರುಗಿಸುತ್ತದೆ. ‘ಚೇಂಜ್’ ಅಥವಾ ‘ಪುಟ್ ಚೇಂಜ್’ ನಿಮ್ಮದೇ ಕೋಡ್ ಕೊಟ್ಟ ಮೌಲ್ಯಕ್ಕೆಂದು ಇರುವ ಬಾಗಿಲು. ಅದು ನಿಮ್ಮನ್ನು ನಂಬಿ ಏನನ್ನೂ ತಿದ್ದದೆ ಒಳಗೆ ಬಿಡುತ್ತದೆ, ಆಮೇಲೆ ಡೇಟಾಬೇಸ್‌ಗೆ ಇಳಿಸುವಾಗ ನಿಖರತೆ ಹೊಂದದಿದ್ದರೆ ಅಥವಾ ವಲಯ ಯುಟಿಸಿ ಅಲ್ಲದಿದ್ದರೆ ದೋಷ ಎತ್ತುತ್ತದೆ.

ನನ್ನ ಸಲಹೆ ಎಲ್ಲ ಕ್ಷಣಗಳಿಗೂ ಯುಸೆಕ್ ಜೋಡಿಯೇ. ಇದಕ್ಕೆ ಒಂದು ಸಣ್ಣ ಕಾರಣವೂ ಇದೆ: ಸೆಕೆಂಡ್‌ವರೆಗಿನ ಕಾಲಂಗೆ ಎಸ್‌ಕ್ಯೂಎಲ್‌ನಿಂದ ನೇರವಾಗಿ ಬರೆದಾಗ ಪೋಸ್ಟ್‌ಗ್ರೆಸ್ ಹತ್ತಿರದ ಸೆಕೆಂಡಿಗೆ ಪೂರ್ಣಗೊಳಿಸುತ್ತದೆ, ಎಕ್ಟೋ ಕತ್ತರಿಸುತ್ತದೆ. 23:59:59.7 ಎಂಬುದು ಒಂದು ದಾರಿಯಲ್ಲಿ ಅದೇ ದಿನ ಉಳಿಯುತ್ತದೆ, ಇನ್ನೊಂದು ದಾರಿಯಲ್ಲಿ ಮರುದಿನಕ್ಕೆ ದಾಟುತ್ತದೆ.

ಹೆಜ್ಜೆ 4: ಫಾರ್ಮ್‌ನಿಂದ ಬರುವ ಸಮಯವನ್ನು ಬಾಗಿಲಲ್ಲೇ ತಡೆಯುವುದು

ಬ್ರೌಸರಿನ ದಿನಾಂಕ–ಸಮಯದ ಪೆಟ್ಟಿಗೆಯಲ್ಲಿ ಬಳಕೆದಾರರು 12ರ ಬೆಳಗ್ಗೆ 9:30 ಎಂದು ಆರಿಸಿದರೆ ಸರ್ವರಿಗೆ ಬರುವುದು ‘2025-04-12T09:30’ ಎಂಬಂಥ ಅಕ್ಷರಸಾಲು, ಅದರಲ್ಲಿ ವಲಯವಿಲ್ಲ. ಯುಟಿಸಿ ಡೇಟ್‌ಟೈಮ್ ಕ್ಷೇತ್ರಕ್ಕೆ ಇದನ್ನು ಕಾಸ್ಟ್ ಮಾಡಿದರೆ ಎಕ್ಟೋ ತಕರಾರು ಮಾಡದೆ ಇದನ್ನು ಯುಟಿಸಿ ಎಂದೇ ತಿಳಿಯುತ್ತದೆ. ಕಡೆಗೆ ಅದನ್ನು ಭಾರತೀಯ ಕಾಲಮಾನಕ್ಕೆ ತಿರುಗಿಸಿ ತೋರಿಸಿದಾಗ ಮಧ್ಯಾಹ್ನ ಮೂರು ಗಂಟೆ ಎಂದು ಕಾಣುತ್ತದೆ. ಕಾಸ್ಟ್‌ನ ಉದಾರತೆ ಇಲ್ಲಿ ಮಾತ್ರ ನನಗೆ ಹಿಡಿಸದು.

ಪರಿಹಾರವಾಗಿ, ಫಾರ್ಮ್‌ನ ಕ್ಷೇತ್ರವನ್ನು ಸ್ಕೀಮಾದಲ್ಲಿ ವರ್ಚುವಲ್ (ಡೇಟಾಬೇಸ್‌ನಲ್ಲಿ ಉಳಿಸದ ಕ್ಷೇತ್ರ) ಎಂದು ಗುರುತಿಸಿ ನಯೀವ್ ಡೇಟ್‌ಟೈಮ್ ಪ್ರಕಾರವನ್ನು ಕೊಡಿ. ಕಾಸ್ಟ್ ಆದ ಮೇಲೆ ಚೇಂಜ್‌ಸೆಟ್‌ನ ಮುಂದಿನ ಫಂಕ್ಷನ್‌ನಲ್ಲಿ ಆ ನಯೀವ್ ಮೌಲ್ಯಕ್ಕೆ ಬಳಕೆದಾರರ ವಲಯವನ್ನು ಸೇರಿಸಿ ಡೇಟ್‌ಟೈಮ್ ಮಾಡಿ, ಯುಟಿಸಿಗೆ ತಿರುಗಿಸಿ, ಬೇಕಾದ ನಿಖರತೆಗೆ ತಂದು, ನಿಜವಾದ ಕ್ಷೇತ್ರಕ್ಕೆ ಪುಟ್ ಚೇಂಜ್ ಮಾಡಿ. ಇದಕ್ಕೆ ಒಂದು ಪೂರ್ವಸಿದ್ಧತೆ ಬೇಕು: ಎಲಿಕ್ಸಿರ್ ತನ್ನೊಂದಿಗೆ ಯುಟಿಸಿಯನ್ನು ಮಾತ್ರ ಬಲ್ಲ ಕಾಲವಲಯ ಡೇಟಾಬೇಸ್ ಇಟ್ಟುಕೊಂಡು ಬರುತ್ತದೆ, ‘ಏಷ್ಯಾ/ಕೋಲ್ಕತಾ’ ಎಂದು ಕೇಳಿದರೆ ದೋಷವನ್ನೇ ಹಿಂದಿರುಗಿಸುತ್ತದೆ. ಟಿಝಡ್‌ಡೇಟಾ ಅಥವಾ ಟಿಝಡ್ ಎಂಬ ಪ್ಯಾಕೇಜ್ ಸೇರಿಸಿ ಎಲಿಕ್ಸಿರ್‌ನ ಕಾನ್ಫಿಗ್‌ನಲ್ಲಿ ಅದರ ಹೆಸರು ಕೊಡಬೇಕು. ಬರಿಯ ಐದೂವರೆ ಗಂಟೆ ಕಳೆದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಇಂದಿನ ಭಾರತಕ್ಕೆ ಸಾಲುತ್ತದೆ ನಿಜ. ಆದರೆ ಐದೂವರೆ ಗಂಟೆಯ ಭಾರತೀಯ ಕಾಲಮಾನ ಬಳಕೆಗೆ ಬಂದದ್ದೇ 1906ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಡಿಯಾರವನ್ನು ಇನ್ನೊಂದು ಗಂಟೆ ಮುಂದಕ್ಕೆ ಇಟ್ಟು ಆರೂವರೆ ಮಾಡಿದ್ದ ಅವಧಿಯೂ ಇದೆ. ವಲಯದ ಹೆಸರು ಕೊಟ್ಟರೆ ಈ ಇತಿಹಾಸವನ್ನೆಲ್ಲ ಡೇಟಾಬೇಸೇ ನೋಡಿಕೊಳ್ಳುತ್ತದೆ.

ವಲಯ ಸೇರಿಸುವ ಫಂಕ್ಷನ್ ಯಾವಾಗಲೂ ಒಂದೇ ಉತ್ತರ ಕೊಡುವುದಿಲ್ಲ ಎಂಬುದನ್ನು ಮರೆಯಬಾರದು. ನ್ಯೂಯಾರ್ಕಿನಲ್ಲಿ 2026ರ ಮಾರ್ಚ್ 8ರಂದು ಬೆಳಗಿನ ಎರಡರಿಂದ ಮೂರರವರೆಗಿನ ಒಂದು ಗಂಟೆ ಗಡಿಯಾರದಲ್ಲಿ ಇರುವುದೇ ಇಲ್ಲ. ಅಂದು 2:30 ಎಂದು ಕೇಳಿದರೆ ‘ಗ್ಯಾಪ್’ ಎಂಬ ಗುರುತಿನೊಂದಿಗೆ ಅದರ ಹಿಂದಿನ ಮುಂದಿನ ಕ್ಷಣಗಳು ಬರುತ್ತವೆ. ಅದೇ ವರ್ಷದ ನವೆಂಬರ್ 1ರಂದು ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತದೆ. 1:30 ಎಂದರೆ ‘ಆಂಬಿಗ್ಯುಯಸ್’ ಎಂಬ ಗುರುತಿನೊಂದಿಗೆ ಎರಡು ಕ್ಷಣಗಳು ಬರುತ್ತವೆ. ಪ್ಯಾಟರ್ನ್ ಮ್ಯಾಚಿಂಗ್ ಇರುವ ಭಾಷೆಯ ಸುಖ ಇಲ್ಲಿದೆ: ಕೇಸ್ ವಾಕ್ಯದಲ್ಲಿ ಎಲ್ಲ ಸಾಧ್ಯತೆಗಳನ್ನೂ ಬರೆದು, ಬಳಕೆದಾರರಿಗೆ ಏನು ಹೇಳಬೇಕೆಂದು ಅಲ್ಲೇ ತೀರ್ಮಾನಿಸಬಹುದು.

ಹೆಜ್ಜೆ 5: ಹೋಲಿಕೆಗೆ ಚಿಹ್ನೆ ಬಳಸದಿರುವುದು

ಎಲಿಕ್ಸಿರ್‌ನಲ್ಲಿ ತಾರೀಖು ಒಂದು ಸ್ಟ್ರಕ್ಟ್, ಅಂದರೆ ಹೆಸರಿರುವ ಕ್ಷೇತ್ರಗಳ ಕಟ್ಟು. ಹೆಚ್ಚು–ಕಡಿಮೆ ಚಿಹ್ನೆಗಳು ಸ್ಟ್ರಕ್ಟ್‌ನ ಅರ್ಥವನ್ನು ನೋಡುವುದಿಲ್ಲ, ಒಳಗಿನ ಕ್ಷೇತ್ರಗಳನ್ನು ಹೆಸರಿನ ಅಕಾರಾದಿಯಲ್ಲಿ ಒಂದೊಂದಾಗಿ ಹೋಲಿಸುತ್ತವೆ. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಮೊದಲು ಕ್ಯಾಲೆಂಡರ್, ಆಮೇಲೆ ಡೇ, ಆಮೇಲೆ ಮಂತ್, ಕೊನೆಗೆ ಇಯರ್. ಹೀಗಾಗಿ 2025ರ ಮಾರ್ಚ್ 31 ಅದೇ ವರ್ಷದ ಏಪ್ರಿಲ್ 1ಕ್ಕಿಂತ ದೊಡ್ಡದು ಎಂಬ ಉತ್ತರ ಬರುತ್ತದೆ, ಏಕೆಂದರೆ 31 ಒಂದಕ್ಕಿಂತ ದೊಡ್ಡದು. ಒಂದೇ ತಿಂಗಳೊಳಗಿನ ತಾರೀಖುಗಳಿಗೆ ಉತ್ತರ ಸರಿಯಾಗಿಯೇ ಬರುವುದರಿಂದ ಈ ತಪ್ಪು ತಿಂಗಳು ದಾಟುವವರೆಗೆ ಅಡಗಿ ಕೂರುತ್ತದೆ. ಬಟವಾಡೆಯ ಅವಧಿ ತಿಂಗಳ ಕೊನೆಯಲ್ಲಿ ಮುಗಿಯುವ ಕಡೆ ಇದು ಏನು ಮಾಡಬಲ್ಲದು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಹೋಲಿಸಲು ಡೇಟ್ ಅಥವಾ ಡೇಟ್‌ಟೈಮ್ ಮಾಡ್ಯೂಲ್‌ನ ‘ಕಂಪೇರ್’ ಬಳಸಿ. ಪಟ್ಟಿಯನ್ನು ವಿಂಗಡಿಸುವಾಗ ‘ಈನಮ್ ಸಾರ್ಟ್’ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ಆ ಮಾಡ್ಯೂಲ್‌ನ ಹೆಸರು ಕೊಡಿ. ಸಮಾನತೆಯ ಚಿಹ್ನೆಯೂ ನಂಬಿಕೆಗೆ ಅರ್ಹವಲ್ಲ: ಸೊನ್ನೆ ಮೈಕ್ರೋಸೆಕೆಂಡ್ ಇರುವ ಸಮಯ ಮತ್ತು ಮೈಕ್ರೋಸೆಕೆಂಡ್ ಬರೆಯದೇ ಬಿಟ್ಟ ಅದೇ ಸಮಯ ಅದರ ಪಾಲಿಗೆ ಬೇರೆಬೇರೆ. ಡೇಟಾಬೇಸ್‌ನಿಂದ ಓದಿ ತಂದ ಮೌಲ್ಯ ಕೊಟ್ಟ ಮೌಲ್ಯಕ್ಕೆ ಸಮನಾಗಿಲ್ಲ ಎಂದು ಟೆಸ್ಟ್ ಬೀಳುತ್ತಿದ್ದರೆ ಮೊದಲು ಇದನ್ನು ನೋಡಿ. ಕ್ವೆರಿಯ ಒಳಗಡೆ ಬರೆಯುವ ಹೋಲಿಕೆ ಚಿಹ್ನೆಗಳು ಎಸ್‌ಕ್ಯೂಎಲ್ ಆಗಿ ಬದಲಾಗುವುದರಿಂದ ಅಲ್ಲಿ ಈ ಭಯವಿಲ್ಲ.

ಹೆಜ್ಜೆ 6: ‘ಇವತ್ತಿನ’ ಸಾಲುಗಳನ್ನು ಹುಡುಕುವುದು

ಭಾರತದ 12ನೆಯ ತಾರೀಖು ಎಂಬ ದಿನ ಯುಟಿಸಿಯಲ್ಲಿ 11ರ 18:30ಕ್ಕೆ ಆರಂಭವಾಗಿ 12ರ 18:30ಕ್ಕೆ ಮುಗಿಯುತ್ತದೆ. ಈ ಎರಡು ಗಡಿಗಳನ್ನು ಎಲಿಕ್ಸಿರ್‌ನಲ್ಲೇ ಕಟ್ಟಿ ಕ್ವೆರಿಗೆ ಕೊಡುವುದು ಉತ್ತಮ: ತಾರೀಖು ಮತ್ತು ಮಧ್ಯರಾತ್ರಿಯ ಹೊತ್ತನ್ನು ವಲಯದ ಹೆಸರಿನೊಂದಿಗೆ ಸೇರಿಸಿ ಡೇಟ್‌ಟೈಮ್ ಮಾಡಿದರೆ ಮೊದಲ ಗಡಿ, ಮರುದಿನದ ತಾರೀಖಿಗೂ ಹಾಗೆಯೇ ಮಾಡಿದರೆ ಎರಡನೆಯ ಗಡಿ. ಕ್ವೆರಿಯಲ್ಲಿ ಮೊದಲನೆಯದನ್ನು ಸೇರಿಸಿಕೊಂಡು ಎರಡನೆಯದನ್ನು ಬಿಡಬೇಕು. ‘23:59:59ರವರೆಗೆ’ ಎಂದು ಬರೆಯುವ ರೂಢಿ ಆ ಕೊನೆಯ ಸೆಕೆಂಡಿನ ಒಳಗೆ ಬಿದ್ದ ಸಾಲುಗಳನ್ನು ಕಳೆದುಕೊಳ್ಳುತ್ತದೆ. ಕಾಲಂ ಅನ್ನು ಯಾವ ಫಂಕ್ಷನ್‌ನಲ್ಲೂ ಸುತ್ತದೆ ಹಾಗೆಯೇ ಬಿಟ್ಟಿರುವುದರಿಂದ ಅದರ ಮೇಲಿನ ಸಾಮಾನ್ಯ ಇಂಡೆಕ್ಸ್ ಕೂಡ ಕೆಲಸಕ್ಕೆ ಬರುತ್ತದೆ.

ದಿನವಾರು ಮೊತ್ತ ಬೇಕಾದಾಗ ಮಾತ್ರ ಫ್ರಾಗ್ಮೆಂಟ್ (ಎಕ್ಟೋ ಕ್ವೆರಿಯೊಳಗೆ ಎಸ್‌ಕ್ಯೂಎಲ್ ತುಣುಕನ್ನು ನೇರವಾಗಿ ಬರೆಯುವ ಸೌಲಭ್ಯ) ಬಳಸಿ ಪೋಸ್ಟ್‌ಗ್ರೆಸ್‌ನ ‘ಅಟ್ ಟೈಮ್ ಝೋನ್’ ಮೊರೆಹೋಗಬೇಕಾಗುತ್ತದೆ. ಈ ಆಪರೇಟರ್ ಎರಡು ತಲೆಯ ಹಾವು. ಟೈಮ್‌ಸ್ಟಾಂಪ್‌ಟಿಝಡ್ ಕಾಲಂ ಮೇಲೆ ಹಾಕಿದರೆ ಆ ಕ್ಷಣದಲ್ಲಿ ಕೋಲ್ಕತಾ ವಲಯದ ಗೋಡೆ ಗಡಿಯಾರ ಏನು ತೋರಿಸುತ್ತಿತ್ತು ಎಂದು ಹೇಳುತ್ತದೆ. 11ರ 23:40 ಯುಟಿಸಿ 12ರ 05:10 ಆಗುತ್ತದೆ. ವಲಯವಿಲ್ಲದ ಟೈಮ್‌ಸ್ಟಾಂಪ್ ಕಾಲಂ ಮೇಲೆ ಹಾಕಿದರೆ, ಅಲ್ಲಿರುವುದೇ ಕೋಲ್ಕತಾದ ಸಮಯ ಎಂದು ತಿಳಿದು ಅದನ್ನು ಕ್ಷಣವಾಗಿ ಬದಲಿಸುತ್ತದೆ. ಐದೂವರೆ ಗಂಟೆ ಕೂಡುವ ಬದಲು ಕಳೆದು 11ರ 18:10 ಯುಟಿಸಿ ಎನ್ನುತ್ತದೆ, ಯುಟಿಸಿ ಸೆಷನ್‌ನಲ್ಲಿ ನೋಡಿದವರಿಗೆ ಹನ್ನೊಂದು ಗಂಟೆಯ ವ್ಯತ್ಯಾಸ ಕಾಣುತ್ತದೆ. ಅಂಥ ಕಾಲಂಗೆ ಮೊದಲು ಯುಟಿಸಿ ಎಂದು ಒಮ್ಮೆ, ಆಮೇಲೆ ಕೋಲ್ಕತಾ ಎಂದು ಇನ್ನೊಮ್ಮೆ, ಎರಡು ಸಲ ಆಪರೇಟರ್ ಹಾಕಬೇಕು. ಎರಡನೆಯ ಹೆಜ್ಜೆಯಲ್ಲಿ ಟೈಮ್‌ಸ್ಟಾಂಪ್‌ಟಿಝಡ್‌ಗೆ ಅಷ್ಟು ಒತ್ತಾಯ ಮಾಡಿದ್ದು ಇದಕ್ಕಾಗಿಯೇ.

ಹೆಜ್ಜೆ 7: ಮುಂದೆ ನಡೆಯಲಿರುವುದನ್ನು ಇಡುವುದು

ನಡೆದುಹೋದ ಕ್ಷಣಕ್ಕೆ ಯುಟಿಸಿ ಸರಿ. ಮುಂದೆ ನಡೆಯಲಿರುವುದಕ್ಕೆ ಅದು ಎಲ್ಲ ಸಲವೂ ಸರಿಯಲ್ಲ. ಬೆಂಗಳೂರಿನಿಂದ ಒಬ್ಬ ಶಿಕ್ಷಕಿ ನ್ಯೂಜೆರ್ಸಿಯ ಮಕ್ಕಳಿಗೆ ಭಾನುವಾರದ ಕನ್ನಡ ತರಗತಿ ನಡೆಸುತ್ತಾರೆ ಎಂದುಕೊಳ್ಳಿ. ಮಕ್ಕಳ ಮನೆಯಲ್ಲಿ ಬೆಳಗ್ಗೆ ಒಂಬತ್ತು ಎಂದು ನಿಗದಿಯಾಗಿದ್ದರೆ ಚಳಿಗಾಲದಲ್ಲಿ ಶಿಕ್ಷಕಿಗೆ ಅದು ಸಂಜೆ ಏಳೂವರೆ, ಮಾರ್ಚ್‌ನಲ್ಲಿ ಅಮೆರಿಕದ ಗಡಿಯಾರ ಮುಂದೆ ಹೋದ ಮೇಲೆ ಆರೂವರೆ. ಜನವರಿಯಲ್ಲೇ ಇಡೀ ವರ್ಷದ ತರಗತಿಗಳನ್ನು 14:00 ಯುಟಿಸಿ ಎಂದು ಸಾಲಾಗಿ ಬರೆದಿಟ್ಟರೆ ಮಾರ್ಚ್ ಎರಡನೆಯ ಭಾನುವಾರದಿಂದ ಮಕ್ಕಳಿಗೆ ತರಗತಿ ಹತ್ತಕ್ಕೆ ಆರಂಭವಾಗುತ್ತದೆ. ಇಂಥ ಕಡೆ ತಾರೀಖು, ಹೊತ್ತು ಮತ್ತು ವಲಯದ ಹೆಸರು ಮೂರನ್ನೂ ಪ್ರತ್ಯೇಕ ಕಾಲಂಗಳಲ್ಲಿ ಇಟ್ಟು, ಯುಟಿಸಿ ಕ್ಷಣವನ್ನು ಬೇಕಾದಾಗ ಲೆಕ್ಕ ಹಾಕಿಕೊಳ್ಳಬೇಕು. ಸರ್ಕಾರಗಳು ಗಡಿಯಾರದ ನಿಯಮ ಬದಲಿಸುವುದೂ ಉಂಟು. ಆಗ ಟಿಝಡ್‌ಡೇಟಾ ನವೀಕರಿಸಿದರೆ ಲೆಕ್ಕ ತಾನೇ ಸರಿಹೋಗುತ್ತದೆ. ಪೋಸ್ಟ್‌ಗ್ರೆಸ್ ಬಳಸುವ ವಲಯ ಕಡತಗಳು ಎಲಿಕ್ಸಿರ್ ಬಳಸುವವುಗಳಿಂದ ಬೇರೆಯಾದ್ದರಿಂದ ಎರಡನ್ನೂ ನವೀಕರಿಸಬೇಕು.

‘ಒಂದು ತಿಂಗಳ ನಂತರ’ ಎಂಬುದನ್ನು ಮೂವತ್ತು ದಿನ ಎಂದು ಗುಣಿಸಬೇಡಿ. ಎಲಿಕ್ಸಿರ್ 1.17ರಿಂದ ‘ಶಿಫ್ಟ್’ ಫಂಕ್ಷನ್ ಇದೆ. ಜನವರಿ 31ಕ್ಕೆ ಒಂದು ತಿಂಗಳು ಕೂಡಿದರೆ ಅದು ಫೆಬ್ರವರಿಯ ಕೊನೆಯ ದಿನವನ್ನು ಕೊಡುತ್ತದೆ.

ಹೆಜ್ಜೆ 8: ‘ಈಗ’ ಎಂಬುದನ್ನು ಹೊರಗಿನಿಂದ ಕೊಡುವುದು

ಲೆಕ್ಕ ಹಾಕುವ ಫಂಕ್ಷನ್‌ನ ಒಳಗೆ ‘ಯುಟಿಸಿ ನೌ’ ಕರೆದರೆ ಆ ಫಂಕ್ಷನ್ ಶುದ್ಧವಾಗಿ ಉಳಿಯುವುದಿಲ್ಲ, ಕರೆದ ಹೊತ್ತಿಗೆ ತಕ್ಕಂತೆ ಬೇರೆ ಉತ್ತರ ಕೊಡುತ್ತದೆ. ಈಗಿನ ಸಮಯವನ್ನು ಒಂದು ಆರ್ಗ್ಯುಮೆಂಟ್ ಆಗಿ ಮಾಡಿ, ಕಂಟ್ರೋಲರ್ ಅಥವಾ ಹಿನ್ನೆಲೆ ಕೆಲಸ ಆರಂಭವಾಗುವಲ್ಲಿ ಒಮ್ಮೆ ಮಾತ್ರ ಗಡಿಯಾರ ನೋಡಿ, ಅದನ್ನೇ ಕೆಳಗೆ ದಾಟಿಸುತ್ತ ಹೋಗಿ. ಆಗ ಏಪ್ರಿಲ್ 1ರ ಬೆಳಗ್ಗೆ 5:10ರ ಪರಿಸ್ಥಿತಿಯನ್ನು ಯಾವ ದಿನ ಬೇಕಾದರೂ ಟೆಸ್ಟ್ ಮಾಡಬಹುದು. ನನ್ನ ಟೆಸ್ಟ್‌ಗಳಲ್ಲಿ ಈಗ ಕಡ್ಡಾಯವಾಗಿ ಬರುವ ಸಮಯಗಳು ಭಾರತೀಯ ಕಾಲಮಾನದ 00:10, 05:29, 05:30 ಮತ್ತು 23:59. ಜೊತೆಗೆ ಮಾರ್ಚ್ 31 ಮತ್ತು ಏಪ್ರಿಲ್ 1. ಟೆಸ್ಟ್ ಓಡಿಸುವ ಯಂತ್ರದ ಕಾಲವಲಯವನ್ನು ಒಮ್ಮೆ ಯುಟಿಸಿ, ಒಮ್ಮೆ ಕೋಲ್ಕತಾ ಎಂದಿಟ್ಟು ಓಡಿಸಿದರೆ ಅಡಗಿದ್ದ ಇನ್ನೂ ಒಂದೆರಡು ತಪ್ಪುಗಳು ಹೊರಬೀಳಬಹುದು.

ಹಳೆಯ ಕಾಲಂಗಳನ್ನು ಬದಲಿಸುವುದು

ಈಗಾಗಲೇ ನಡೆಯುತ್ತಿರುವ ತಂತ್ರಾಂಶದಲ್ಲಿ ವಲಯವಿಲ್ಲದ ಕಾಲಂಗಳಿದ್ದರೆ ಮೊದಲು ಅವುಗಳಲ್ಲಿ ನಿಜವಾಗಿ ಏನಿದೆ ಎಂದು ಪರೀಕ್ಷಿಸಬೇಕು. ಸಮಯ ಖಚಿತವಾಗಿ ಗೊತ್ತಿರುವ ನಾಲ್ಕಾರು ಸಾಲುಗಳನ್ನು, ಉದಾಹರಣೆಗೆ ಮುದ್ರಿತ ರಸೀದಿ ಕೈಯಲ್ಲಿರುವ ದಾಖಲೆಗಳನ್ನು, ಡೇಟಾಬೇಸ್‌ನಲ್ಲಿರುವುದರೊಂದಿಗೆ ತಾಳೆ ನೋಡಿದರೆ ಅದು ಯುಟಿಸಿಯೋ ಭಾರತೀಯ ಕಾಲಮಾನವೋ ತಿಳಿಯುತ್ತದೆ. ಎಕ್ಟೋ ಬರೆದದ್ದು ಒಂದು ಬಗೆ, ಎಕ್ಸೆಲ್‌ನಿಂದ ತುಂಬಿದ್ದು ಇನ್ನೊಂದು ಬಗೆ ಎಂದು ಒಂದೇ ಕಾಲಂನಲ್ಲಿ ಎರಡೂ ಬೆರೆತಿದ್ದರೆ ಪ್ರಕಾರ ಬದಲಿಸುವ ಮುನ್ನವೇ ಅವನ್ನು ಬೇರ್ಪಡಿಸಿ ತಿದ್ದಬೇಕು. ಎಲ್ಲವೂ ಯುಟಿಸಿ ಎಂದು ಖಾತ್ರಿಯಾದ ಮೇಲೆ ಮೈಗ್ರೇಶನ್‌ನಲ್ಲಿ ಆಲ್ಟರ್ ಟೇಬಲ್ ಆದೇಶವನ್ನು ‘ಯೂಸಿಂಗ್’ ಭಾಗದೊಂದಿಗೆ ಬರೆದು, ಕಾಲಂ ಅನ್ನು ಯುಟಿಸಿ ವಲಯದ್ದೆಂದು ಸ್ಪಷ್ಟವಾಗಿ ಹೇಳಿ; ಆ ಭಾಗ ಬಿಟ್ಟರೆ ಪೋಸ್ಟ್‌ಗ್ರೆಸ್ ಆ ಸೆಷನ್‌ನ ಕಾಲವಲಯವನ್ನೇ ಹಿಡಿದುಕೊಂಡು ಪರಿವರ್ತಿಸುತ್ತದೆ. ಟೇಬಲ್ ಬಹಳ ದೊಡ್ಡದಾಗಿದ್ದರೆ ಇನ್ನೊಂದು ದಾರಿ ಇದೆ: ಪೋಸ್ಟ್‌ಗ್ರೆಸ್ 12ರಿಂದ ಈಚೆಗೆ, ಸೆಷನ್‌ನ ಕಾಲವಲಯವನ್ನು ಯುಟಿಸಿಗೆ ಇಟ್ಟು ಯೂಸಿಂಗ್ ಇಲ್ಲದೆಯೇ ಪ್ರಕಾರ ಬದಲಿಸಿದರೆ ಇಡೀ ಟೇಬಲ್ ಮತ್ತೆ ಬರೆಯಲ್ಪಡುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಎರಡರಲ್ಲಿ ಯಾವ ದಾರಿ ಹಿಡಿದರೂ, ಸ್ಕೀಮಾದ ಪ್ರಕಾರವನ್ನು ಅದೇ ಬಿಡುಗಡೆಯಲ್ಲೇ ಬದಲಿಸಿ, ಡೇರಿಯ ಬೆಳಗಿನ ಗಡಿಬಿಡಿ ಮುಗಿದ ಹೊತ್ತಿನಲ್ಲಿ ಮೈಗ್ರೇಶನ್ ಓಡಿಸಿ.